ಇಟಲಿಯ ಫ್ಲಾರೆನ್ಸಲ್ಲಿ ಮದುವೆ: ನೆಂಟರನ್ನ ಒಂದು ದಿನ ಎಲ್ಲಿಗೆ ಕರ್ಕೊಂಡು ಹೋಗೋದು?

ಪ್ರಶ್ನೆ: ಮೈಸೂರಿಂದ 14 ಜನ, ನಾಲ್ಕು ಜನಕ್ಕೆ ಮಂಡಿನೋವು. ಮದುವೆ ಮಾರನೇ ದಿನ ಬಿಡುವು. ಬೆಟ್ಟದ ಮೇಲಿನ ಹಳೇ ಊರುಗಳಾದ ಸಿಯೆನಾನೋ, ಒರ್ವಿಯೆತೋನೋ? ಕಾರು ಬಾಡಿಗೆಗೆ ತಗೊಳ್ಳೋದಾ?

ಉತ್ತರ 1: ಮಂಡಿನೋವಿಗೆ ಒರ್ವಿಯೆತೋನೇ ಸರಿ. ರೈಲು ಎರಡು ಗಂಟೆಗೂ ಮೇಲೆ, ಆದರೆ ಸ್ಟೇಷನ್ ಎದುರಿಗೇ ಬೆಟ್ಟ ಹತ್ತೋ ಹಗ್ಗದ ರೈಲಿದೆ. ಮೇಲಿಂದ ಡುವೋಮೋಗೆ, ಅಂದ್ರೆ ಊರಿನ ದೊಡ್ಡ ಚರ್ಚಿಗೆ, ಮಿನಿಬಸ್. ಸಂತ ಪ್ಯಾಟ್ರಿಕ್ ಬಾವಿಗೆ ಮಾತ್ರ ಹಿರಿಯರನ್ನ ಇಳಿಸಬೇಡಿ, 248 ಮೆಟ್ಟಿಲು ಇಳಿದು ಅಷ್ಟೇ ಹತ್ತಬೇಕು. ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್‌ಗೆ ಹತ್ತೋ ಮುಂಚೆ ಪ್ಲಾಟ್‌ಫಾರ್ಮ್ ಯಂತ್ರದಲ್ಲಿ ಮುದ್ರೆ ಒತ್ತಿಸಿ. ಮರೆತರೆ ದಂಡ.

ಉತ್ತರ 2: ಸಿಯೆನಾಗಾದರೆ ರೈಲು ಬೇಡ, ಸ್ಟೇಷನ್ ಊರಿನ ಕೆಳಗಿದೆ. 131ನೇ ಬಸ್ಸು ಸುಮಾರು ಒಂದೂಕಾಲು ಗಂಟೆಗೆ ಮೇಲೂರಿಗೇ ಬಿಡುತ್ತೆ. ಭಾನುವಾರ ಬಸ್ಸು ಕಡಿಮೆ. ಕಲ್ಲುಹಾಸು, ಇಳಿಜಾರು, ರೇಷ್ಮೆ ಸೀರೆಗೂ ಹೈಹೀಲ್ಸ್ ಬೇಡ.

ಉತ್ತರ 3: ಕಾರು ಬೇಡ ಸ್ವಾಮಿ. ಹಳೇ ಊರೊಳಗೆ ಝಡ್‌ಟಿಎಲ್ ಅಂತ ನಿರ್ಬಂಧಿತ ವಲಯ; ಕ್ಯಾಮೆರಾ ನಂಬರ್ ಹಿಡಿದು, ತಿಂಗಳುಗಳ ಮೇಲೆ ಮನೆಗೇ ದಂಡದ ಕಾಗದ ಬರುತ್ತೆ. ಊಟ 1 ಗಂಟೆಗೇ ಮುಗಿಸಿ, ಎರಡೂವರೆ ಹೊತ್ತಿಗೆ ಬಹಳಷ್ಟು ಅಡುಗೆಮನೆ ಬಂದ್. ಸಸ್ಯಾಹಾರಿಗಳು ರಿಬೊಲ್ಲೀತಾ ಕೇಳಿ, ಹುರುಳಿಕಾಯಿ ಬೀಜ, ಸೊಪ್ಪು, ಬ್ರೆಡ್ಡಿನ ಗಟ್ಟಿ ಸಾರು. ಮಾಂಸದ ರಸ ಹಾಕಿದಾರಾ ಅಂತ ವಿಚಾರಿಸಿಯೇ ತಿನ್ನಿ.