ಪದಚರ್ಚೆ: ಕ್ಲೋರಿನೇಟೆಡ್ ಸಾಲ್ವೆಂಟ್‌ಗಳಿಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,
ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಊರಿನಲ್ಲಿ ಹಳೆಯ ಚಿಪ್ ಕಾರ್ಖಾನೆಗಳಿಂದ ಕೆಟ್ಟ ಅಂತರ್ಜಲವನ್ನು ಶುದ್ಧಗೊಳಿಸುವ ಕೆಲಸದ ಬಗ್ಗೆ, ಅಲ್ಲಿ ಮಕ್ಕಳ ಮನೆಯಲ್ಲಿರುವ ಕನ್ನಡದ ಹಿರಿಯರಿಗಾಗಿ ಒಂದು ತಿಳಿವಳಿಕೆ ಪತ್ರವನ್ನು ಅನುವಾದಿಸುತ್ತಿದ್ದೇನೆ. ಆ ನೀರಿನಿಂದ ಕ್ಲೋರಿನೇಟೆಡ್ ಸಾಲ್ವೆಂಟ್‌ಗಳನ್ನು, ಎಂದರೆ ಜಿಡ್ಡು ಮೊದಲಾದವನ್ನು ಕರಗಿಸುವ ಕ್ಲೋರಿನ್ ಇರುವ ದ್ರವಗಳನ್ನು, ತೆಗೆಯುವುದಕ್ಕೆ ‘ಕ್ಲೋರಿನೀಕೃತ ದ್ರಾವಕಗಳ ನಿವಾರಣೆ’ ಎಂದು ಬರೆದಿದ್ದೇನೆ. ಸರಿಯೇ? ನಾಳೆ ಮುದ್ರಣಕ್ಕೆ ಕೊಡಬೇಕಾಗಿದೆ.

ಉತ್ತರ:
ಸರಿಯಲ್ಲ. ‘ಕ್ಲೋರಿನೀಕೃತ’ ಎಂದೊಡನೆ ನಮ್ಮ ಓದುಗರಿಗೆ ಹೊಳೆಯುವುದು ಬ್ಲೀಚಿಂಗ್ ಪೌಡರ್ ಹಾಕಿದ ಟ್ಯಾಂಕಿನ ನೀರು. ವಿಷವೇ ಮದ್ದಿನಂತೆ ಕಾಣುತ್ತದೆ. ಆ ಕಾರ್ಖಾನೆಗಳಲ್ಲಿ ಜಿಡ್ಡು ತೊಳೆಯಲು ಬಳಸುತ್ತಿದ್ದ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕದಲ್ಲಿ ಕ್ಲೋರಿನ್ ಬೆರೆತಿರುವುದಲ್ಲ, ಅಣುವಿನ ಅಂಗವಾಗಿಯೇ ಇದೆ. ‘ಕ್ಲೋರಿನ್‌ಯುಕ್ತ’ ಎನ್ನಿ, ಜೊತೆಗೆ ವಸ್ತುವಿನ ಹೆಸರನ್ನೂ ಬರೆಯಿರಿ.

‘ದ್ರಾವಕ’ ಇರಲಿ. ‘ದ್ರು’ ಧಾತುವಿನ ಪ್ರೇರಣಾರ್ಥಕದಿಂದ ಬಂದ ಈ ಪದವನ್ನು ತಮಿಳರು ಆಮ್ಲಕ್ಕೆ ಬಳಸುತ್ತಾರಾದರೂ ನಮ್ಮ ಪಠ್ಯಪುಸ್ತಕಗಳಲ್ಲಿ ಅದು ಸಾಲ್ವೆಂಟ್ ಎಂಬ ಅರ್ಥದಲ್ಲೇ ನೆಲೆನಿಂತಿದೆ.

ನಿಜವಾದ ತೊಡಕು ‘ನಿವಾರಣೆ’ಯದು. ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಿರುವುದರಿಂದ ಅಂತರ್ಜಲದ ಮಟ್ಟವನ್ನೂ ದಾಟಿ ಇಳಿದು, ಜೇಡಿಪದರದ ಮೇಲೆ ತಂಗಿ, ದಶಕಗಳ ಕಾಲ ಸ್ವಲ್ಪಸ್ವಲ್ಪವೇ ಕರಗುತ್ತಿರುತ್ತದೆ. ಅಮೆರಿಕದಲ್ಲಿ ಕುಡಿಯುವ ನೀರಿನಲ್ಲಿ ಅದಕ್ಕಿರುವ ಮಿತಿಯೋ ಲೀಟರಿಗೆ ಕೇವಲ 5 ಮೈಕ್ರೋಗ್ರಾಂ. ನೀರನ್ನು ಮೇಲೆತ್ತಿ, ಗಾಳಿ ಹಾಯಿಸಿಯೋ ಸಕ್ರಿಯ ಇದ್ದಿಲಿನ ಮೂಲಕ ಹರಿಸಿಯೋ ಬೇರ್ಪಡಿಸಿದರೆ ಅದು ‘ಹೊರತೆಗೆಯುವುದು’. ನೆಲದೊಳಗೇ ಬ್ಯಾಕ್ಟೀರಿಯಾಗಳು ಕ್ಲೋರಿನ್ ಪರಮಾಣುಗಳನ್ನು ಒಂದೊಂದಾಗಿ ಕಳಚಿದರೆ ಅದು ‘ವಿಘಟನೆ’. ಆ ಕಳಚುವಿಕೆ ಕ್ಲೋರಿನ್ ಇಲ್ಲದ ಎಥಿಲೀನಿನವರೆಗೆ ಸಾಗದೆ, ಒಂದು ಕ್ಲೋರಿನ್ ಉಳಿದಿರುವ ವಿನೈಲ್ ಕ್ಲೋರೈಡಿನಲ್ಲೇ ನಿಂತುಬಿಟ್ಟರೆ ನೀರಿನಲ್ಲಿ ಉಳಿಯುವುದು ಇನ್ನೊಂದು ಕ್ಯಾನ್ಸರ್‌ಕಾರಕ. ಅದಕ್ಕೂ ‘ನಿವಾರಣೆ’ ಎಂದರೆ ಓದುಗರನ್ನು ದಾರಿತಪ್ಪಿಸಿದಂತೆ.

ಮತ್ತೊಬ್ಬರು:
ಇಷ್ಟೊಂದು ಸಂಸ್ಕೃತವೇಕೆ? ‘ಕರಗು’ ಎಂಬ ಅಚ್ಚಗನ್ನಡ ಧಾತು ಇರುವಾಗ ‘ಕರಗಿಸುಕ’ ಎನ್ನಬಹುದು. ‘ಅಂತರ್ಜಲ’ಕ್ಕೆ ‘ಅಡಿನೀರು’ ಸಾಕು. ಎರವಲು ಪದಗಳಿಗೆ ಹೀಗೆ ಮಣೆ ಹಾಕಿದ್ದರಿಂದಲೇ ಕನ್ನಡದಲ್ಲಿ ವಿಜ್ಞಾನ ಬೆಳೆಯಲಿಲ್ಲ.

ಮರುತ್ತರ:
ಟ್ರೈಕ್ಲೋರೋಎಥಿಲೀನನ್ನು ತುಟಿಪಿಟಕ್ಕೆನ್ನದೆ ಒಪ್ಪಿಕೊಂಡ ತಾವು, ಬೋರ್‌ವೆಲ್ ಕೊರೆಸುವ ರೈತರೂ ಆಡುವ ‘ಅಂತರ್ಜಲ’ವನ್ನು ಹೊರಗಟ್ಟಲು ಹೊರಟಿರುವುದು ವಿಚಿತ್ರವಾಗಿದೆ. ‘ಕರಗಿಸುಕ’ ಎಂಬುದನ್ನು ಆ ಹಿರಿಯರಿಗೆ ವಿವರಿಸಲು ಇನ್ನೊಂದು ಪತ್ರವೇ ಬೇಕಾದೀತು.

ಪ್ರಶ್ನೆ ಕೇಳಿದವರಿಗೆ: ಮೌಂಟನ್ ವ್ಯೂನಲ್ಲಿ ಮುಖ್ಯವಾಗಿ ನೀರನ್ನು ಮೇಲೆತ್ತಿ ಶುದ್ಧಗೊಳಿಸಿರುವುದರಿಂದ, ‘ಅಂತರ್ಜಲದಲ್ಲಿ ಸೇರಿರುವ ಟ್ರೈಕ್ಲೋರೋಎಥಿಲೀನ್ ಮೊದಲಾದ ಕ್ಲೋರಿನ್‌ಯುಕ್ತ ದ್ರಾವಕಗಳನ್ನು ಹೊರತೆಗೆಯುವ ಕಾರ್ಯ’ ಎಂದು ಮುದ್ರಿಸಿ.