ಪದಚರ್ಚೆ: ‘ಟೈ ಅಂಡ್ ಡೈ’ಗೆ ಕನ್ನಡದಲ್ಲಿ ಏನನ್ನೋಣ? ‘ಅದ್ದು’ ಸಾಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಸ್ವಲ್ಪ ಅರ್ಜೆಂಟು.

ಬೆಂಗಳೂರಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರು ನಡೆಸುವ ‘ನಮ್ಮ ಪ್ರೈಡ್’ ನಡಿಗೆಗೆ ನಮ್ಮ ಗೆಳೆಯರ ಗುಂಪು ಮನೆಯಲ್ಲೇ ಅಂಗಿಗಳಿಗೆ ಬಣ್ಣ ಹಾಕಿಕೊಳ್ಳುತ್ತದೆ. ಬಟ್ಟೆಯನ್ನು ಅಲ್ಲಲ್ಲಿ ಹಿಡಿದು, ರಬ್ಬರ್ ಬ್ಯಾಂಡಿನಿಂದ ಬಿಗಿದು ಬಣ್ಣಕ್ಕೆ ಹಾಕುವ ಕೆಲಸ. ಬಿಗಿದ ಜಾಗಕ್ಕೆ ಬಣ್ಣ ಹೋಗುವುದಿಲ್ಲ, ಬಿಳಿಯಾಗಿಯೇ ಉಳಿಯುತ್ತದೆ. ಹೇಗೆ ಮಾಡಬೇಕು ಅಂತ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡುವ ಕೆಲಸ ನನ್ನದು.

ಹೋದ ಸಲ ‘ಕಟ್ಟಿ, ಬಣ್ಣದಲ್ಲಿ ಅದ್ದಿ, ರಾತ್ರಿಯಿಡೀ ಬಿಡಿ’ ಅಂತ ಬರೆದಿದ್ದೆ. ಹತ್ತಿ ಅಂಗಿ ತಂದವರಿಗೆ ಚೆನ್ನಾಗಿ ಬಂತು. ಮೂವರು ಮಾತ್ರ ಪಾಲಿಯೆಸ್ಟರ್ ಆಟದಂಗಿ ತಂದಿದ್ದರು. ಬೆಳಿಗ್ಗೆ ನಲ್ಲಿ ಕೆಳಗೆ ಹಿಡಿದರೆ ಕೆಂಪು, ಹಸಿರು ಎಲ್ಲಾ ನೀರಿನ ಜೊತೆ ಹರಿದುಹೋಯಿತು. ಒಬ್ಬರ ಅಂಗಿಯಲ್ಲಿ ಕುತ್ತಿಗೆಯ ಒಳಗೆ ಹೊಲಿದಿದ್ದ ಹತ್ತಿ ಪಟ್ಟಿ ಒಂದೇ ಕೆಂಪಗೆ ಉಳಿದಿತ್ತು. ಅವರ ಮುಖ ನೋಡಿ ನನಗೆ ಬೇಜಾರಾಯಿತು. ಮೊದಲ ಸಲ ನಡಿಗೆಗೆ ಬರುತ್ತಿದ್ದವರು ಅವರು.

ನಮ್ಮ ಬೀದಿಯಲ್ಲಿ ಹೊಲಿಗೆ ಮಾಡುವ ಅಕ್ಕನಿಗೆ ತೋರಿಸಿದೆ. ಅಂಗಿಯನ್ನು ಬೆರಳಲ್ಲಿ ಉಜ್ಜಿ ನೋಡಿ ಹೇಳಿದರು: ‘ಇದು ಬಣ್ಣ ಕುಡಿಯಲ್ಲಮ್ಮ. ಇದನ್ನ ಬೇಯಿಸಬೇಕು.’

ಅಂದಿನಿಂದ ಆ ಎರಡು ಮಾತು ನನ್ನ ತಲೆಯಲ್ಲೇ ಇವೆ. ಯಾಕೆಂದರೆ ನಡೆಯುವುದು ಅದೇ. ಹತ್ತಿ ನೀರು ಕುಡಿಯುತ್ತದೆ. ಅದಕ್ಕೆಂದೇ ಇರುವ ಬಣ್ಣ ವಾಷಿಂಗ್ ಸೋಡಾ ಜೊತೆ ತಣ್ಣೀರಿನಲ್ಲೂ ಎಳೆಗೆ ಅಂಟಿಕೊಳ್ಳುತ್ತದೆ. ಪಾಲಿಯೆಸ್ಟರ್ ನೀರನ್ನು ಒಳಗೆ ಬಿಟ್ಟುಕೊಳ್ಳುವುದೇ ಕಡಿಮೆ. ಅದಕ್ಕೆ ಡಿಸ್ಪರ್ಸ್ ಬಣ್ಣ ಅಂತ ಬೇರೆಯೇ ಇದೆ. ಆ ಬಣ್ಣ ನೀರಲ್ಲಿ ಸಕ್ಕರೆಯ ಹಾಗೆ ಕರಗುವುದಿಲ್ಲ, ನುಣ್ಣನೆ ಪುಡಿಯಾಗಿ ತೇಲಾಡುತ್ತದೆ. ಬಿಸಿ ಏರಿದಾಗ ಎಳೆ ಸಡಿಲವಾಗಿ ಬಣ್ಣ ಒಳಗೆ ಹೋಗುತ್ತದೆ. ತಣ್ಣಗಾದ ಮೇಲೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮಿಲ್ಲುಗಳಲ್ಲಿ ಒತ್ತಡ ಕೊಟ್ಟು 130 ಡಿಗ್ರಿವರೆಗೆ ಕಾಯಿಸುತ್ತಾರೆ. ಮನೆಯಲ್ಲಾದರೆ ದೊಡ್ಡ ಸ್ಟೀಲ್ ಪಾತ್ರೆ, ಕುದಿಯುವ ನೀರು, ಅರ್ಧ ಗಂಟೆಗೆ ಕಡಿಮೆಯಿಲ್ಲದೆ ತಿರುವುತ್ತಾ ಇರಬೇಕು. ಕಿಟಕಿ ತೆರೆದಿರಲಿ. ಆ ಪಾತ್ರೆಯಲ್ಲಿ ಮತ್ತೆ ಅಡುಗೆ ಮಾಡಬೇಡಿ.

ಹಾಗಾಗಿ ‘ಅದ್ದು’ ತಪ್ಪು ದಾರಿ ತೋರಿಸುತ್ತದೆ. ಅದ್ದುವುದು ಅಂದರೆ ರೊಟ್ಟಿ ಸಾರಿಗೆ ಅದ್ದಿದ ಹಾಗೆ, ಕ್ಷಣದ ಕೆಲಸ ಅಲ್ವಾ? ಬೇರೆ ಮಾತುಗಳಿಗೂ ಆಗಲೇ ಬೇರೆ ಕೆಲಸವಿದೆ. ‘ಬಣ್ಣ ಬಳಿ’ ಅಂದರೆ ಗೋಡೆ ನೆನಪಾಗುತ್ತದೆ. ‘ಬಣ್ಣ ಹಚ್ಚು’ ಅಂದರೆ ನಾಟಕ, ಸಿನಿಮಾ. ‘ಬಣ್ಣ ಎರಚು’ ಹೋಳಿಗೆ ಸೇರಿದ್ದು. ಕಟ್ಟುವುದನ್ನು ಸೇರಿಸಿ ‘ಬಣ್ಣ ಕಟ್ಟು’ ಅಂದರೆ ಇದ್ದದ್ದನ್ನು ಜಾಸ್ತಿ ಮಾಡಿ ಹೇಳುವುದು! ಅದನ್ನೇ ತಿರುಗಿಸಿ ‘ಕಟ್ಟುಬಣ್ಣ’ ಅಂದರೆ ಸರಿಹೋಗುತ್ತದಾ? ಇಕತ್ ಸೀರೆ ಬಲ್ಲವರು ಒಪ್ಪಲಿಕ್ಕಿಲ್ಲ. ಅಲ್ಲಿ ಕಟ್ಟುವುದು ನೇಯುವ ಮುಂಚೆ, ನೂಲನ್ನು. ಇಲ್ಲಿ ಕಟ್ಟುವುದು ಹೊಲಿದ ಅಂಗಿಯನ್ನು.

ಬೇರೆಯವರು ಏನಂತಾರೆ ಅಂತ ನೋಡಿದೆ. ಗುಜರಾತ್, ರಾಜಸ್ಥಾನದ ಬಾಂಧನಿ ‘ಕಟ್ಟು’ ಎಂಬ ಅರ್ಥದ ಮಾತಿನಿಂದ ಬಂದದ್ದು. ಜಪಾನಿನ ಶಿಬೊರಿ ‘ಹಿಂಡು’ ಎಂಬುದರಿಂದ. ನನಗೆ ತುಂಬಾ ಹಿಡಿಸಿದ್ದು ಮಲಯ್ ಭಾಷೆಯದು. ಇಂಥ ಬಟ್ಟೆಗೆ ಅವರು ಪೆಲಂಗಿ ಅನ್ನುತ್ತಾರೆ. ಪೆಲಂಗಿ ಅಂದರೆ ಕಾಮನಬಿಲ್ಲು.

ಪ್ರೈಡ್ ನಡಿಗೆಗಳಲ್ಲಿ ಹಿಡಿಯುವ ಕಾಮನಬಿಲ್ಲಿನ ಬಾವುಟಕ್ಕೂ ಈ ಕೆಲಸಕ್ಕೂ ಹುಟ್ಟಿನಿಂದಲೇ ನಂಟಿದೆ. 1978ರ ಜೂನ್ 25ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಾರಿದ ಮೊದಲ ಬಾವುಟಗಳು ಕೈಯಲ್ಲೇ ಬಣ್ಣ ಹಾಕಿದ ಹತ್ತಿ ಬಟ್ಟೆಯವು. ಬಾವುಟ ರೂಪಿಸಿದ ಕಲಾವಿದ ಗಿಲ್ಬರ್ಟ್ ಬೇಕರ್ ಜೊತೆಗಿದ್ದ ಲಿನ್ ಸೆಗರ್‌ಬ್ಲೊಮ್ ಬಟ್ಟೆಗೆ ಬಣ್ಣ ಹಾಕುವುದರಲ್ಲಿ ಪಳಗಿದವರು. ಕಸದ ಡಬ್ಬಿಗಳಲ್ಲಿ ಬಣ್ಣ ಕದಡಿಕೊಂಡು ಎಂಟು ಪಟ್ಟೆ ಮಾಡಿದರು. ಒಂದು ಬಾವುಟದ ಮೂಲೆಯಲ್ಲಿ ಹೀಗೆ ಕಟ್ಟಿ ಮೂಡಿಸಿದ ನಕ್ಷತ್ರಗಳೂ ಇದ್ದವು. ಆಮೇಲೆ ಆ ಎಂಟು ಆರಾಯಿತು. ಆರಕ್ಕೂ ನಮ್ಮಲ್ಲಿ ಒಳ್ಳೆಯ ಮಾತಿದೆ: ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ. ಇನ್ನು ‘ಕಾಮನಬಿಲ್ಲು’! ಹಿಂದಿಯವರು ಅದನ್ನು ಇಂದ್ರನ ಕೈಗೆ ಕೊಟ್ಟರು, ನಾವು ಒಲವಿನ ದೇವರ ಕೈಗೆ ಕೊಟ್ಟೆವು. ಈ ಬಾವುಟಕ್ಕೆ ಇದಕ್ಕಿಂತ ಒಪ್ಪುವ ಹೆಸರು ಬೇಕಾ?

ಈ ಸಲ ಪಾಲಿಯೆಸ್ಟರ್ ತರುವವರಿಗೆ ಬೇರೆ ಯೋಚನೆ ಮಾಡಿದ್ದೇವೆ. ಕುದಿಯುವ ಪಾತ್ರೆಯಲ್ಲಿ ಆರು ಬಣ್ಣ ಒಟ್ಟಿಗೆ ಹಾಕಿದರೆ ಕೆಸರಿನ ಬಣ್ಣ ಬರುತ್ತದೆ. ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಆರು ಜನ ಸಾಲಾಗಿ ನಿಂತರೆ ಬಾವುಟ.

ಸದ್ಯಕ್ಕೆ ನನ್ನ ಹಾಳೆಯಲ್ಲಿ ಇರುವುದು ಇದು: ಟೈ ಅಂಡ್ ಡೈಗೆ ‘ಗಂಟುಬಣ್ಣ’. ಹತ್ತಿಗೆ ‘ಬಣ್ಣ ಕುಡಿಸಿ’, ಪಾಲಿಯೆಸ್ಟರಿಗೆ ‘ಬಣ್ಣದಲ್ಲಿ ಬೇಯಿಸಿ’. ಓದಿದ ಕೂಡಲೇ ಒಲೆ ಹಚ್ಚಬೇಕೋ ಬೇಡವೋ ತಿಳಿಯುತ್ತದೆ. ಇಳಕಲ್, ಗದಗ-ಬೆಟಗೇರಿ, ಮೊಳಕಾಲ್ಮೂರು ಕಡೆ ನೂಲಿಗೆ ಬಣ್ಣ ಹಾಕುವವರು ಆಡುವ ಮಾತು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಬರೆಯಿರಿ. ಕೈಯಲ್ಲಿ ಕೆಲಸ ಮಾಡುವವರ ಮಾತು ಸಿಕ್ಕರೆ ನನ್ನದನ್ನು ಖುಷಿಯಿಂದ ಅಳಿಸುತ್ತೇನೆ. ಜೊತೆಗೆ ಇನ್ನೊಂದು: ಗಂಟು ಬಿಚ್ಚಿದಾಗ ಒಳಗೆ ಬಿಳಿಯಾಗಿ ಉಳಿದ ಆ ಉಂಗುರದಂಥ ಗುರುತಿಗೆ ನಿಮ್ಮ ಕಡೆ ಏನಂತೀರಿ? ನಾನು ‘ಬಿಳಿಬಳೆ’ ಅಂತ ಬರೆದಿದ್ದೇನೆ.