ಪದಚರ್ಚೆ: ಆಪ್ಟಿಮೈಸೇಶನ್‌ಗೆ ‘ಗರಿಷ್ಠೀಕರಣ’ ಸರಿಯೇ? (ತುರ್ತು)

ಎಲ್ಲರಿಗೂ ನಮಸ್ಕಾರ. ಭಿತ್ತಿಚಿತ್ರ ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ವಿಷಯ: ಬ್ಯಾಸಿಲಸ್ ಬ್ಯಾಕ್ಟೀರಿಯಾದಿಂದ ಅಮೈಲೇಸ್ (ಪಿಷ್ಟ ಒಡೆಯುವ ಕಿಣ್ವ) ತಯಾರಿಕೆ, ಸಂಖ್ಯಾಶಾಸ್ತ್ರದ ನೆರವಿನಿಂದ ಪೋಷಕ ಮಾಧ್ಯಮದ ಆಪ್ಟಿಮೈಸೇಶನ್, ಅಂದರೆ ಯಾವುದು ಎಷ್ಟಿದ್ದರೆ ಉತ್ತಮವೆಂದು ಗೊತ್ತುಮಾಡುವುದು. ‘ಗರಿಷ್ಠೀಕರಣ’ ಎಂದು ಹಾಕಿದ್ದೇನೆ. ‘ರೆಸ್ಪಾನ್ಸ್ ಸರ್ಫೇಸ್’ಗೆ (ಅಂಶಗಳು ಬದಲಾದಂತೆ ಫಲಿತಾಂಶ ಏರಿಳಿಯುವುದನ್ನು ತೋರಿಸುವ ಮೇಲ್ಮೈ) ‘ಪ್ರತಿಕ್ರಿಯಾ ಮೇಲ್ಮೈ’. ನಡೆಯುತ್ತದೆಯೇ?
– ಸು.

> ಗರಿಷ್ಠೀಕರಣ

ನಡೆಯದು. ಗರಿಷ್ಠವಾಗಬೇಕಾದ್ದು ಕಿಣ್ವ; ಪಿಷ್ಟ, ಪೆಪ್ಟೋನ್ (ಅರೆಜೀರ್ಣಗೊಳಿಸಿದ ಪ್ರೋಟೀನ್), ಪಿಎಚ್ ಅಲ್ಲ. ಗ್ಲೂಕೋಸ್ ಸುರಿದರೆ ಬ್ಯಾಸಿಲಸ್ ಸೊಂಪಾಗಿ ಬೆಳೆದೀತು, ಅಮೈಲೇಸ್ ಜೀನ್ ಮಾತ್ರ ಅದುಮಿಹೋಗುತ್ತದೆ. ‘ಹದ’ ಎಂಬ ಮಾತು ಇರುವುದೇ ಇದಕ್ಕೆ. ‘ಹದಗೊಳಿಸುವಿಕೆ’ ಎನ್ನಿ. ಕಿಣ್ವದ ಪುಟದಲ್ಲಿ ‘ಪ್ರತಿಕ್ರಿಯೆ’ ಕಂಡರೆ ಯಾರೂ ರಾಸಾಯನಿಕ ಕ್ರಿಯೆ ಎಂದೇ ಓದುತ್ತಾರೆ. ‘ಇಳುವರಿ ಮೇಲ್ಮೈ’ ಸಾಕು.
– ಗು.

‘ಹದ’ ಒಪ್ಪಿದೆ. ‘ಇಳುವರಿ’ ಇಲ್ಲ. ಅಳೆಯುವುದು ಕಿಣ್ವದ ಉಷ್ಣಸ್ಥಿರತೆಯೂ ಆಗಬಹುದಲ್ಲ? ‘ಸ್ಪಂದನ ಮೇಲ್ಮೈ’. ಸು ಅವರೇ, ವಿನ್ಯಾಸ ಯಾವುದು?
– ನಾ.

ಮೊದಲು ಏಳು ಅಂಶಗಳಿಗೆ 12 ಪ್ರಯೋಗಗಳ ಪ್ಲಾಕೆಟ್–ಬರ್ಮನ್, ಅಂದರೆ ಕಡಿಮೆ ಪ್ರಯೋಗಗಳಲ್ಲಿ ಮುಖ್ಯ ಅಂಶಗಳನ್ನು ಆರಿಸುವ ವಿನ್ಯಾಸ. ಇದಕ್ಕೆ ‘ಶೋಧನಾ ಹಂತ’ ಎಂದಿದ್ದೇನೆ. ಮುಖ್ಯವೆಂದು ಉಳಿದ ಮೂರಕ್ಕೆ ಸೆಂಟ್ರಲ್ ಕಾಂಪೋಸಿಟ್ ವಿನ್ಯಾಸ, ಅವುಗಳ ಸರಿಯಾದ ಪ್ರಮಾಣ ಹುಡುಕಲು: 8 ಮೂಲೆ, 6 ಅಕ್ಷಬಿಂದು, 6 ನಡುಬಿಂದು, ಒಟ್ಟು 20.
– ಸು.

‘ಶೋಧನೆ’ ಹುಡುಕಾಟವಾಯಿತು. ‘ಜರಡಿ ಹಂತ’ ಹಾಕಿ. ಪ್ಲಾಕೆಟ್–ಬರ್ಮನ್‌ನಲ್ಲಿ ಎರಡು ಅಂಶಗಳ ಕೂಡುಪ್ರಭಾವ ಒಂಟಿ ಪ್ರಭಾವಗಳೊಳಗೆ ಬೆರೆತುಹೋಗಿರುತ್ತದೆ, ಹಾಗಾಗಿ ಆ ಹಂತದ ಸಾಲಿನಲ್ಲಿ ‘ಹದ’ ಎಂಬ ಮಾತೇ ಬರಬಾರದು. ಇನ್ನೊಂದು: ಅಕ್ಷಬಿಂದುಗಳು ನಡುಬಿಂದುವಿನಿಂದ ±1.682 ಹೆಜ್ಜೆ ದೂರದಲ್ಲಿ ತಾನೇ? ಪೆಪ್ಟೋನ್ ನಡುಬಿಂದು 0.5%, ಹೆಜ್ಜೆ 0.3% ಇಟ್ಟಿದ್ದರೆ ಕೆಳಗಿನ ಅಕ್ಷಬಿಂದು ಸೊನ್ನೆಗಿಂತ ಕೆಳಗಿಳಿಯುತ್ತದೆ. ಕೋಷ್ಟಕ ನೋಡಿಕೊಳ್ಳಿ.
– ನಾ.

ಸ್ಪಂದನ, ಅಕ್ಷ, ಕೋಷ್ಟಕ... ಕನ್ನಡ ಎಲ್ಲಿದೆ? ‘ಕಿಣ್ವ’ವೂ ಸಂಸ್ಕೃತದ್ದೇ, ಹೆಂಡಕ್ಕೆ ಹಾಕುವ ಹುದುಗು ಎಂದರ್ಥ. ನಮ್ಮ ‘ಹುದುಗು’ ಏನು ತಪ್ಪು ಮಾಡಿತ್ತು?
– ಗು.

ಹುದುಗು ಎಂದರೆ ಯೀಸ್ಟೋ, ಯೀಸ್ಟ್ ಹೊರಹಾಕುವ ಪ್ರೋಟೀನೋ? ಜೀವಿ ಬೇರೆ, ಕಿಣ್ವ ಬೇರೆ. ಶಾಲೆಯ ಮಕ್ಕಳಿಗೂ ಗೊತ್ತಿರುವ ಪದವನ್ನು ಕಿತ್ತುಹಾಕುವ ಉಮೇದು ನನಗಿಲ್ಲ. ‘ಪೆಪ್ಟೋನ್’ಗೂ ಅಚ್ಚಗನ್ನಡ ಹುಡುಕುತ್ತೀರೋ?
– ನಾ.

ಹುಡುಕಿದರೆ ಸಿಕ್ಕೀತು.
– ಗು.

‘ಹದಗೊಳಿಸುವಿಕೆ’, ‘ಸ್ಪಂದನ ಮೇಲ್ಮೈ’, ‘ಜರಡಿ ಹಂತ’ ಹಾಕಿದೆ. ಪೆಪ್ಟೋನ್ ಹೆಜ್ಜೆ 0.2%, ತೊಂದರೆಯಿಲ್ಲ. ‘ಲ್ಯಾಕ್ ಆಫ್ ಫಿಟ್’ (ಸಮೀಕರಣ ಪ್ರಯೋಗದ ಅಂಕಿಗಳಿಗೆ ಹೊಂದುತ್ತಿಲ್ಲವೇ ಎಂಬ ಪರೀಕ್ಷೆ) ಒಂದು ಉಳಿದಿದೆ.
– ಸು.

‘ಹೊಂದಿಕೆಯ ಕೊರತೆ’. ಅದರ ಪಿ ಬೆಲೆ 0.05ಕ್ಕಿಂತ ಕಡಿಮೆ ಬಂದಿದ್ದರೆ, ಆರ್-ವರ್ಗ (ಫಲಿತಾಂಶದ ಏರಿಳಿತದಲ್ಲಿ ಸಮೀಕರಣ ವಿವರಿಸುವ ಪಾಲು) ಎಷ್ಟೇ ಇರಲಿ, ಆ ಆರ್-ವರ್ಗವನ್ನು ದಪ್ಪಕ್ಷರದಲ್ಲಿ ಹಾಕಬೇಡಿ.
– ನಾ.